ತೆರೆಯ ಮೇಲಿನ ದೆವ್ವ, ರಾಕೆಟ್ಟು, ಗುದ್ದಾಟ: ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲ ಮುಂಬಯಿ, ಪುಣೆ, ಗೋವಾ ಕಡೆಯಿಂದ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿನಿಮಾದವೇ. ಅದರಲ್ಲೂ ಹಾರರ್, ವೈಜ್ಞಾನಿಕ ಕಥೆ, ಆಕ್ಷನ್. "ಇದು ನಿಜಕ್ಕೂ ಹೀಗಾಗುತ್ತಾ?", "ಇದನ್ನು ಹೇಗೆ ಮಾಡಿದರು?", "ನಾವೂ ಮಾಡಬಹುದಾ?" ಎಂಬ ಮೂರು ಬಗೆಯ ಪ್ರಶ್ನೆಗಳನ್ನು ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಕಾಲೇಜಿನ ಏಕಾಂಕ ಸ್ಪರ್ಧೆಗೆ ಭಯಾನಕ ನಾಟಕ ಮಾಡ್ತಿದ್ದೇವೆ. ಕುಂಕುಮ ಕಲಸಿದ ನೀರು ರಕ್ತದ ಹಾಗೆ ಕಾಣೋದೇ ಇಲ್ಲ, ಶರಬತ್ತಿನ ಹಾಗೆ ಕಾಣುತ್ತೆ. ಸಿನಿಮಾದವರು ಏನು ಬಳಸ್ತಾರೆ?
— ವಿದ್ಯಾರ್ಥಿನಿ, ಚೆಂಬೂರು

ಉತ್ತರ: ತಪ್ಪು ಬಣ್ಣದಲ್ಲಿಲ್ಲ, ದಪ್ಪದಲ್ಲಿದೆ. ಬೆಳಕು ಆರುಪಾರಾಗಿ ಹೋದರೆ ಶರಬತ್ತು, ಮೇಲೆಯೇ ನಿಂತರೆ ರಕ್ತ. ಹಾಗಾಗಿ ಅಂಟು ಬೇಕು, ಜೊತೆಗೆ ಬೆಳಕನ್ನು ತಡೆಯುವ ಪುಡಿಯೂ ಬೇಕು.

ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಲಿಕ್ವಿಡ್ ಗ್ಲೂಕೋಸ್ ಸಿಗುತ್ತದೆ. ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದರೆ ಹುಡುಕಬೇಕಾಗಿಲ್ಲ. 200 ಗ್ರಾಂ ತನ್ನಿ. 4 ದೊಡ್ಡ ಚಮಚ ಬೆಚ್ಚಗಿನ ನೀರಿನಲ್ಲಿ 1 ಟೀ ಚಮಚ ಸಿಹಿಯಿಲ್ಲದ ಕೋಕೋ ಪುಡಿ, 1 ಟೀ ಚಮಚ ಕಾರ್ನ್‌ಫ್ಲೋರ್ ಕಲಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ. ಪುಡಿಯನ್ನು ನೇರವಾಗಿ ಗ್ಲೂಕೋಸಿಗೆ ಸುರಿದರೆ ಗಂಟು ಗಂಟಾಗಿ, ಕೆನ್ನೆಯ ಮೇಲೆ ಇಳಿಯುವಾಗ ಕಪ್ಪು ಕಾಳು ಕಾಣುತ್ತದೆ. ಸೋಸಿದ್ದನ್ನು ಗ್ಲೂಕೋಸಿಗೆ ಬೆರೆಸಿ, ತಿನ್ನುವ ಕೆಂಪು ಬಣ್ಣ 2 ಟೀ ಚಮಚ ಹಾಕಿ. ಕೊನೆಗೆ ನೀಲಿ ಬಣ್ಣ, ಎರಡೇ ಹನಿ. ಮೂರನೆಯ ಹನಿ ಬಿದ್ದರೆ ನೇರಳೆಗೆ ತಿರುಗುತ್ತದೆ.

ಮಾಡಿದ ಮೇಲೆ ಮನೆಯ ಟ್ಯೂಬ್‌ಲೈಟಿನಲ್ಲಿ ನೋಡಿ ತೃಪ್ತಿಪಡಬೇಡಿ. ರಂಗದ ಬೆಳಕಿನಲ್ಲೇ ಬಿಳಿ ಬಟ್ಟೆಯ ಮೇಲೆ ಹಚ್ಚಿ ನೋಡಿ. ಕೊಲೆಯ ದೃಶ್ಯ ಬಂತೆಂದು ಕೆಂಪು ಲೈಟ್ ಹಾಕುವವರೇ ಹೆಚ್ಚು. ಕೆಂಪು ಬೆಳಕಿನಲ್ಲಿ ಕೆಂಪು ರಕ್ತ ಮಾಸಿಹೋಗುತ್ತದೆ. ನೀಲಿ ಬೆಳಕಿನಲ್ಲಿ ಡಾಂಬರಿನಂತೆ ಕಪ್ಪಾಗುತ್ತದೆ. ರಕ್ತ ಕಾಣಬೇಕಾದ ಜಾಗಕ್ಕೆ ಸಾದಾ ಬಿಳಿ ಅಥವಾ ತೆಳು ಹಳದಿ ಬೆಳಕು ಬರಲಿ. 1960ರ 'ಸೈಕೋ' ಚಿತ್ರದ ಸ್ನಾನದ ಮನೆಯ ದೃಶ್ಯದಲ್ಲಿ ಹರಿದದ್ದು ಚಾಕೊಲೇಟ್ ಸಿರಪ್. ಕಪ್ಪು-ಬಿಳುಪು ಚಿತ್ರವಾದ್ದರಿಂದ ಕೆಂಪಿನ ಹಂಗಿರಲಿಲ್ಲ, ದಪ್ಪವಷ್ಟೇ ಸಾಕಾಯಿತು.

ಅಂಗಿಯೊಳಗೆ ಅಡಗಿಸುವ ಪೊಟ್ಟಣಕ್ಕೆ 50 ಮಿಲಿ ಸಾಕು. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಉಳಿಯದಂತೆ ಬಿಗಿಯಾಗಿ ಕಟ್ಟಿ. ಸಡಿಲವಾಗಿದ್ದರೆ ಅಂಗೈಯಿಂದ ಒತ್ತಿದಾಗ ಪಕ್ಕಕ್ಕೆ ಜಾರುತ್ತದೆಯೇ ಹೊರತು ಒಡೆಯುವುದಿಲ್ಲ. ಬಟ್ಟೆ ಮತ್ತೆ ಬೇಕಿದ್ದರೆ ಬಟ್ಟೆಗೆ ಬೀಳುವ ರಕ್ತಕ್ಕೆ ಮಾತ್ರ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಸೇರಿಸಿ, ಕಲೆ ಬೇಗ ಬಿಡುತ್ತದೆ. ಬಾಯಿಗೆ, ಕಣ್ಣಿನ ಹತ್ತಿರ ಹಚ್ಚುವ ರಕ್ತದಲ್ಲಿ ಅದು ಬೇಡವೇ ಬೇಡ. ನೆಲಕ್ಕೆ ಬಿದ್ದದ್ದನ್ನು ದೃಶ್ಯ ಮುಗಿದೊಡನೆ ಒದ್ದೆ ಬಟ್ಟೆಯಿಂದ ಒರೆಸಲು ಒಬ್ಬರನ್ನು ನೇಮಿಸಿ. ಮುಂದಿನ ಪ್ರವೇಶದಲ್ಲಿ ಯಾರಾದರೂ ಜಾರಿ ಬಿದ್ದರೆ ನಿಜವಾದ ರಕ್ತವೇ ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ಹಾರರ್ ಸಿನಿಮಾ ಹಾಕಿದರೆ ಮಾತು ಕೇಳಿಸೋದಿಲ್ಲ. ವಾಲ್ಯೂಮ್ ಏರಿಸಿದರೆ ಕಿರುಚಾಟ ಇಡೀ ಮಾಳಿಗೆಗೆ ಕೇಳಿಸುತ್ತೆ. ರಿಮೋಟ್ ಕೈಯಲ್ಲಿ ಹಿಡಿದೇ ಕೂತಿರಬೇಕಾ?
— ಗೃಹಿಣಿ, ಡೊಂಬಿವಲಿ ಪೂರ್ವ

ಉತ್ತರ: ಟಿವಿ ಕೆಟ್ಟಿಲ್ಲ. ಆ ಧ್ವನಿಯನ್ನು ಹದಮಾಡಿದ್ದು ಥಿಯೇಟರಿಗೆ. ಅಲ್ಲಿ ಪರದೆಯ ಹಿಂದಿನ ಒಂದೊಂದು ಸ್ಪೀಕರನ್ನೂ 85 ಡೆಸಿಬೆಲ್ ಮಟ್ಟಕ್ಕೆ ಹೊಂದಿಸಿ, ಅದರ ಮೇಲೆ ಇನ್ನೂ 20 ಡೆಸಿಬೆಲ್ ಏರಲು ಜಾಗ ಬಿಟ್ಟಿರುತ್ತಾರೆ. ಪಿಸುಮಾತಿಗೂ ಕಿರುಚಾಟಕ್ಕೂ ನಡುವಿನ ಆ ಅಂತರವೇ ಹಾರರ್ ಸಿನಿಮಾದ ಬಂಡವಾಳ. ಎರಡು ಕೋಣೆಯ ಮನೆಯಲ್ಲಿ ಅಷ್ಟು ಅಂತರಕ್ಕೆ ಜಾಗವಿಲ್ಲ.

ಮೊದಲು ಸಿನಿಮಾದ ಆಡಿಯೋ ಪಟ್ಟಿ ತೆರೆಯಿರಿ. 5.1 (ಆರು ಸ್ಪೀಕರಿಗೆ ಹಂಚಿದ ಧ್ವನಿ) ಎಂದಿದ್ದು ಪಕ್ಕದಲ್ಲಿ ಸ್ಟೀರಿಯೋ (ಎರಡು ಸ್ಪೀಕರಿನದು) ಕೂಡ ಇದ್ದರೆ ಸ್ಟೀರಿಯೋ ಆರಿಸಿ. 5.1ರಲ್ಲಿ ಮಾತೆಲ್ಲ ನಡುವಿನ ಸ್ಪೀಕರಿಗೆ ಮೀಸಲು. ನಿಮ್ಮ ಟಿವಿಗೆ ನಡುವಿನ ಸ್ಪೀಕರೇ ಇಲ್ಲ. ಎರಡು ಪುಟ್ಟ ಸ್ಪೀಕರಿಗೆ ಎಲ್ಲವನ್ನೂ ತುರುಕುವಾಗ ಮಾತು ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ನೈಟ್ ಮೋಡ್ ಅಥವಾ ಆಟೋ ವಾಲ್ಯೂಮ್ ಹುಡುಕಿ ಆನ್ ಮಾಡಿ. ಅದು ಕಿರುಚಾಟವನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಸರೌಂಡ್ ಎಂಬ ನಕಲಿ ಪರಿಣಾಮವನ್ನು ಆಫ್ ಮಾಡಿ, ಮಾತನ್ನು ಮಸುಕು ಮಾಡುವುದು ಅದೇ. ಇನ್ನೊಂದು, ತಲೆಯ ಮೇಲಿನ ಫ್ಯಾನ್. ಐದರಲ್ಲಿ ಓಡುತ್ತಿದ್ದರೆ ಅದರ ಗುಂಯ್‌ಗುಡುವಿಕೆ ಪಿಸುಮಾತನ್ನು ಪೂರ್ತಿ ನುಂಗುತ್ತದೆ; ಮೂರಕ್ಕೆ ಇಳಿಸಿ ನೋಡಿ.

ಚಿತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಮೋಷನ್ ಸ್ಮೂದಿಂಗ್ ಅನ್ನುವುದನ್ನು ಬಂದ್ ಮಾಡಿ. ಸೆಕೆಂಡಿಗೆ 24 ಚಿತ್ರಗಳಿರುವ ಸಿನಿಮಾಕ್ಕೆ ಟಿವಿ ನಡುನಡುವೆ ತಾನೇ ಚಿತ್ರ ಹುಟ್ಟಿಸಿ ಸೇರಿಸುತ್ತದೆ. ಆಗ ಪಾಳುಬಂಗಲೆಯೂ ಧಾರಾವಾಹಿಯ ಸೆಟ್ಟಿನಂತೆ ಕಾಣುತ್ತದೆ. ಕತ್ತಲ ದೃಶ್ಯದಲ್ಲಿ ಚೌಕ ಚೌಕ ಕಂಡರೆ ಆಪ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಆನ್ ಆಗಿದೆಯೇ ನೋಡಿ. ಕೋಣೆಯನ್ನು ಪೂರ್ತಿ ಕತ್ತಲೆ ಮಾಡುವ ಬದಲು ಟಿವಿಯ ಹಿಂದೆ ಗೋಡೆಗೆ ಬೀಳುವಂತೆ ಸಣ್ಣ ದೀಪ ಇಡಿ. ಕಣ್ಣು ದಣಿಯುವುದಿಲ್ಲ, ಪರದೆಯ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ.

ಪ್ರಶ್ನೆ: ಬಾಹ್ಯಾಕಾಶದಲ್ಲಿ ಸ್ಫೋಟದ ಸದ್ದು ಕೇಳಿಸುತ್ತದೆಯೇ?
— ಹೈಸ್ಕೂಲ್ ವಿದ್ಯಾರ್ಥಿ, ಮಾಟುಂಗಾ

ಉತ್ತರ: ಇಲ್ಲ. ಸದ್ದು ಸಾಗಲು ಗಾಳಿಯೋ ನೀರೋ ಲೋಹವೋ ಏನಾದರೂ ಬೇಕು. 2013ರ 'ಗ್ರಾವಿಟಿ' ಚಿತ್ರ ಇದನ್ನು ಚೆನ್ನಾಗಿ ಬಳಸಿಕೊಂಡಿದೆ. ಅಲ್ಲಿ ನೌಕೆ ಚೂರಾಗುವಾಗ ಸ್ಫೋಟದ ಸದ್ದಿಲ್ಲ. ಗಗನಯಾತ್ರಿಯ ಕೈ ಏನನ್ನಾದರೂ ಹಿಡಿದಾಗ ಮಾತ್ರ ಸೂಟಿನ ಮೂಲಕ ಬರುವ ಮಂದವಾದ ಕಂಪನ ಕೇಳಿಸುತ್ತದೆ. ಸದ್ದಿಲ್ಲದ ವಿನಾಶ ಸದ್ದಿನ ವಿನಾಶಕ್ಕಿಂತ ಹೆಚ್ಚು ಹೆದರಿಸುತ್ತದೆ.

ಪ್ರಶ್ನೆ: ಹೆಲ್ಮೆಟ್ ಒಡೆದರೆ ಮನುಷ್ಯ ಬಲೂನಿನಂತೆ ಒಡೆದುಹೋಗುತ್ತಾನಾ?
— ಅದೇ ವಿದ್ಯಾರ್ಥಿ

ಉತ್ತರ: ಒಡೆಯುವುದಿಲ್ಲ, ಚರ್ಮ ಅಷ್ಟು ದುರ್ಬಲವಲ್ಲ. ಮೈ ಉಬ್ಬುತ್ತದೆ. 1966ರಲ್ಲಿ ಅಮೆರಿಕದ ನಾಸಾ ಕೇಂದ್ರದ ನಿರ್ವಾತ ಕೋಣೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ಒಬ್ಬ ತಂತ್ರಜ್ಞರ ಸೂಟಿನ ಕೊಳವೆ ಕಳಚಿತು. ಸುಮಾರು 14 ಸೆಕೆಂಡಿಗೆ ಅವರಿಗೆ ಪ್ರಜ್ಞೆ ತಪ್ಪಿತು. ಅದಕ್ಕೆ ಮೊದಲು ನಾಲಿಗೆಯ ಮೇಲಿನ ಉಗುಳು ಕುದಿಯುವುದು ಗೊತ್ತಾಯಿತಂತೆ. ತಕ್ಷಣ ಗಾಳಿ ತುಂಬಿದ್ದರಿಂದ ಬದುಕಿದರು. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ನಾಯಕ ಹೆಲ್ಮೆಟ್ ಇಲ್ಲದೆ ಕೆಲವು ಕ್ಷಣ ನಿರ್ವಾತ ದಾಟುವುದು ಸಾಧ್ಯವಾದ ಸಂಗತಿಯೇ. ಆದರೆ ಅವನು ಉಸಿರು ಬಿಗಿಹಿಡಿಯುತ್ತಾನೆ, ಅದು ತಪ್ಪು. ಎದೆಯಲ್ಲಿ ಗಾಳಿ ಉಳಿದರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯುತ್ತದೆ. ಪೂರ್ತಿ ಉಸಿರು ಬಿಟ್ಟೇ ಹೊರಗೆ ಕಾಲಿಡಬೇಕು.

ಪ್ರಶ್ನೆ: ಅದೇ ಒಡಿಸ್ಸಿ ಚಿತ್ರದಲ್ಲಿ ಗಗನಯಾತ್ರಿ ಚಕ್ರದೊಳಗೆ ಸುತ್ತ ಓಡುತ್ತಾನಲ್ಲ, ಅದು ಲೆಕ್ಕದ ಪ್ರಕಾರ ಸರಿಯೇ? ಶೂಟಿಂಗ್ ಹೇಗೆ ಮಾಡಿದರು?
— ಕಾರ್ಖಾನೆ ಇಂಜಿನಿಯರ್, ಪಿಂಪ್ರಿ

ಉತ್ತರ: ಶೂಟಿಂಗಿಗೆ ಸುಮಾರು 38 ಅಡಿ ವ್ಯಾಸದ, 30 ಟನ್ ತೂಕದ ಚಕ್ರವನ್ನೇ ಕಟ್ಟಿಸಿ ತಿರುಗಿಸಿದರು. ನಟ ಓಡುತ್ತಿದ್ದದ್ದು ಸದಾ ಚಕ್ರದ ತಳದಲ್ಲೇ, ಪಂಜರದ ಚಕ್ರದೊಳಗೆ ಅಳಿಲು ಓಡುವ ಹಾಗೆ. ಕ್ಯಾಮೆರಾವನ್ನು ಚಕ್ರಕ್ಕೇ ಬಿಗಿದಾಗ ನಟ ಗೋಡೆ ಹತ್ತಿದಂತೆ ಕಾಣುತ್ತದೆ.

ಇನ್ನು ಲೆಕ್ಕ. ತಿರುಗುವ ಚಕ್ರದ ಅಂಚು ಒಳಗಿದ್ದವರ ಪಾದವನ್ನು ಒತ್ತುತ್ತದೆ, ಆ ಒತ್ತುವಿಕೆಯೇ ಅಲ್ಲಿ ಗುರುತ್ವದಂತೆ ಅನಿಸುತ್ತದೆ. ವೇಗೋತ್ಕರ್ಷವು ಕೋನವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದಷ್ಟು. ತ್ರಿಜ್ಯ 5.8 ಮೀಟರ್ ಎಂದಿಟ್ಟುಕೊಳ್ಳಿ. ಚಂದ್ರನ ಮೇಲಿನಷ್ಟು ಗುರುತ್ವ ಬೇಕಾದರೂ ನಿಮಿಷಕ್ಕೆ 5 ಸುತ್ತು ತಿರುಗಬೇಕು. ಭೂಮಿಯಷ್ಟು ಬೇಕಾದರೆ 12ಕ್ಕೂ ಹೆಚ್ಚು. ಅಷ್ಟು ವೇಗದಲ್ಲಿ ತಲೆ ತಿರುಗಿಸಿದರೆ ಸಾಕು, ಕಿವಿಯೊಳಗಿನ ಸಮತೋಲನ ಕೆಟ್ಟು ವಾಂತಿ ಬರುತ್ತದೆ. ಜೊತೆಗೆ 1.7 ಮೀಟರ್ ಎತ್ತರದ ಮನುಷ್ಯನ ತಲೆಗೆ ಸಿಗುವ ಗುರುತ್ವ ಪಾದಕ್ಕೆ ಸಿಕ್ಕಿದ್ದರ ನೂರಕ್ಕೆ 70ರಷ್ಟೇ. ನಿಮಿಷಕ್ಕೆ 2 ಸುತ್ತಿನೊಳಗಿದ್ದರೆ ಹೆಚ್ಚಿನವರು ತಡೆದುಕೊಳ್ಳಬಲ್ಲರು. ಆ ವೇಗದಲ್ಲಿ ಭೂಮಿಯ ಗುರುತ್ವ ಸಿಗಲು ತ್ರಿಜ್ಯ ಸುಮಾರು 224 ಮೀಟರ್ ಆಗಬೇಕು. ಮುಂದಿನ ಸಲ ಯಾವುದಾದರೂ ಚಿತ್ರದಲ್ಲಿ ತಿರುಗುವ ನಿಲ್ದಾಣ ಕಂಡರೆ ಒಂದು ಸುತ್ತಿಗೆ ಎಷ್ಟು ಸೆಕೆಂಡು ಹಿಡಿಯಿತು ಎಣಿಸಿ. ದೊಡ್ಡ ಚಕ್ರ ನಿಧಾನವಾಗಿ ತಿರುಗುತ್ತಿದ್ದರೆ ಬರೆದವರು ಲೆಕ್ಕ ಮಾಡಿದ್ದಾರೆ ಎಂದೇ ಅರ್ಥ.

ಪ್ರಶ್ನೆ: 'ಕಾಂಟ್ಯಾಕ್ಟ್' ಸಿನಿಮಾದಲ್ಲಿ ನಾಯಕಿ ಹೆಡ್‌ಫೋನ್ ಹಾಕಿಕೊಂಡು ಅನ್ಯಗ್ರಹದವರ ಸಂಕೇತ ಕೇಳುತ್ತಾಳೆ. ನಮ್ಮ ನಾರಾಯಣಗಾಂವ್ ಹತ್ತಿರದ ದೂರದರ್ಶಕದಲ್ಲೂ ಹಾಗೆ ಕೇಳುತ್ತಾರಾ?
— ಶಿಕ್ಷಕಿ, ಕೋಥ್ರೂಡ್, ಪುಣೆ

ಉತ್ತರ: ಕೇಳುವುದಿಲ್ಲ. ರೇಡಿಯೋ ಖಗೋಳದವರು ಕಿವಿಯಿಂದಲ್ಲ, ಕಂಪ್ಯೂಟರಿನಿಂದ ಕೆಲಸ ಮಾಡುತ್ತಾರೆ. ಒಂದೊಂದು ಡಿಶ್‌ನ ಸಂಕೇತವನ್ನೂ ಅಂಕಿಗಳಾಗಿಸಿ, ಜೋಡಿ ಜೋಡಿಯಾಗಿ ತಾಳೆ ನೋಡಿ, ಗಂಟೆಗಟ್ಟಲೆಯ ದತ್ತಾಂಶದಿಂದ ಚಿತ್ರ ಕಟ್ಟುತ್ತಾರೆ. ಆದರೂ 1997ರ ಆ ಚಿತ್ರದ ಮೇಲೆ ನಮಗೆ ಗೌರವವಿದೆ. ಸಂಕೇತ ಸಿಕ್ಕಾಗ ಅವರು ಮೊದಲು ಮಾಡುವುದು ಡಿಶ್‌ಗಳನ್ನು ಗುರಿಯಿಂದ ಆಚೆ ತಿರುಗಿಸಿ ಸಂಕೇತ ನಿಲ್ಲುತ್ತದೆಯೇ ನೋಡುವುದು, ಆಮೇಲೆ ಬೇರೆ ದೇಶದ ದೂರದರ್ಶಕದವರಿಗೆ ಫೋನ್ ಮಾಡುವುದು. ವಿಜ್ಞಾನಿಗಳು ನಿಜಕ್ಕೂ ಮಾಡುವುದು ಅದನ್ನೇ. ತೆರೆಯ ಮೇಲಿನ ವಿಜ್ಞಾನಿಗಳಲ್ಲಿ ಇಂಥ ಅನುಮಾನ ತೀರಾ ಅಪರೂಪ.

ಚಿತ್ರದಲ್ಲಿ ಕಾಣುವುದು ಅಮೆರಿಕದ ನ್ಯೂ ಮೆಕ್ಸಿಕೋದ ದೂರದರ್ಶಕ, 25 ಮೀಟರಿನ 27 ಡಿಶ್‌ಗಳು. ನೀವು ಕೇಳಿದ, ನಾರಾಯಣಗಾಂವ್ ಹತ್ತಿರದ ಖೋಡದ್‌ನ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯಲ್ಲಿ 45 ಮೀಟರಿನ 30 ಡಿಶ್‌ಗಳಿವೆ. 14 ಡಿಶ್‌ಗಳು ನಡುವೆ ಒತ್ತೊತ್ತಾಗಿ, ಉಳಿದ 16 ಇಂಗ್ಲಿಷಿನ ವೈ ಅಕ್ಷರದ ಮೂರು ತೋಳುಗಳಲ್ಲಿ ದೂರ ದೂರಕ್ಕೆ. ಹತ್ತಿರ ನಿಂತು ನೋಡಿದರೆ ಡಿಶ್‌ನ ಮೈ ತಗಡಿನದಲ್ಲ, ಸ್ಟೀಲ್ ತಂತಿಯ ಜಾಲರಿ; ಅದರಾಚೆಯ ಆಕಾಶ ಕಾಣುತ್ತದೆ. ಗೇಣುದ್ದದಿಂದ ಮೀಟರುಗಟ್ಟಲೆ ಉದ್ದದವರೆಗಿನ ರೇಡಿಯೋ ಅಲೆಗೆ ಆ ಸಣ್ಣ ಕಿಂಡಿಗಳು ಲೆಕ್ಕಕ್ಕೇ ಇಲ್ಲ, ಅಲೆ ಗೋಡೆಗೆ ಬಡಿದಂತೆ ಹಿಂದಿರುಗುತ್ತದೆ. ಗಾಳಿ ಮಾತ್ರ ತೂರಿಹೋಗುತ್ತದೆ, ಹಾಗಾಗಿ ಅಷ್ಟು ದೊಡ್ಡ ಡಿಶ್ ಹಗುರಾದ ಚೌಕಟ್ಟಿನ ಮೇಲೆ ನಿಲ್ಲುತ್ತದೆ. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಇಲ್ಲಿಯೇ ರೂಪುಗೊಂಡ ಉಪಾಯ ಅದು.

ಮಕ್ಕಳಿಗೆ ಹೇಳಲು ಒಂದು ಸ್ವಾರಸ್ಯ: ಚಿತ್ರದ ಸಂಕೇತ ಬರುವುದು ಹೈಡ್ರೋಜನ್ ಹೊರಸೂಸುವ ರೇಡಿಯೋ ಅಲೆಯ 1420 ಮೆಗಾಹರ್ಟ್ಸ್ ಅನ್ನು ಪೈ ಸಂಖ್ಯೆಯಿಂದ ಗುಣಿಸಿದಷ್ಟರಲ್ಲಿ, ಸುಮಾರು 4462 ಮೆಗಾಹರ್ಟ್ಸ್. ಜಿಎಂಆರ್‌ಟಿ ಆಲಿಸುವುದು 1500ರ ಒಳಗೆ. ಅನ್ಯಗ್ರಹದವರು ಅದೇ ಅಂಕಿ ಹಿಡಿದರೆ ಖೋಡದ್‌ಗೆ ಸುದ್ದಿ ಮುಟ್ಟುವುದಿಲ್ಲ! ಫೆಬ್ರವರಿ 28ರ ವಿಜ್ಞಾನ ದಿನದ ಸುಮಾರಿಗೆ ಅಲ್ಲಿ ಸಾರ್ವಜನಿಕರಿಗೆ ಪ್ರವೇಶವಿರುತ್ತದೆ, ಶಾಲೆಯವರನ್ನು ಕರೆದುಕೊಂಡು ಹೋಗಿ. ಡಿಶ್‌ಗಳ ಬಳಿ ಮೊಬೈಲ್ ಬಂದ್ ಮಾಡಿಸುತ್ತಾರೆ. ನಿಮ್ಮ ಜೇಬಿನ ಫೋನು ಅವರಿಗೆ ಯಾವ ನಕ್ಷತ್ರಕ್ಕಿಂತಲೂ ಜೋರು.

ಪ್ರಶ್ನೆ: ಹೊಡೆದಾಟದಲ್ಲಿ ನಿಜಕ್ಕೂ ಪೆಟ್ಟು ಬೀಳುತ್ತಾ? ಕೆಲವು ಸಿನಿಮಾದಲ್ಲಿ ನಂಬಿಕೆ ಬರುತ್ತೆ, ಕೆಲವದರಲ್ಲಿ ಒಂಚೂರೂ ಬರೋದಿಲ್ಲ.
— ರಿಕ್ಷಾ ಚಾಲಕ, ಭಾಂಡೂಪ್

ಉತ್ತರ: ಮುಖಕ್ಕೆ ಬೀಳುವ ಗುದ್ದು ಸಾಮಾನ್ಯವಾಗಿ ಒಂದು ಗೇಣಿನಷ್ಟು ದೂರದಲ್ಲೇ ಹಾದುಹೋಗುತ್ತದೆ. ಕ್ಯಾಮೆರಾ ಪೆಟ್ಟು ತಿನ್ನುವವನ ಅಥವಾ ಕೊಡುವವನ ಹೆಗಲ ಹಿಂದೆ ಇದ್ದರೆ ಆ ಅಂತರ ಕಾಣುವುದಿಲ್ಲ, ಉದ್ದನೆಯ ಲೆನ್ಸ್ ಹಾಕಿದರೆ ಇನ್ನಷ್ಟು ಮುಚ್ಚಿಹೋಗುತ್ತದೆ. ಇಬ್ಬರನ್ನೂ ನೇರ ಪಕ್ಕದಿಂದ ತೋರಿಸಿದರೆ ಗುಟ್ಟು ರಟ್ಟು.

ನಂಬಿಕೆ ಹುಟ್ಟಿಸುವವನು ಹೊಡೆಯುವವನಲ್ಲ, ಹೊಡೆಸಿಕೊಳ್ಳುವವನು. ಮುಷ್ಟಿ ಹಾದುಹೋದ ಕ್ಷಣಕ್ಕೆ ಸರಿಯಾಗಿ ತಲೆ, ಆಮೇಲೆ ಭುಜ, ಆಮೇಲೆ ಸೊಂಟ ತಿರುಗಬೇಕು. ಸೆಕೆಂಡಿಗೆ 24 ಫ್ರೇಮ್. ತಲೆ ಎರಡು-ಮೂರು ಫ್ರೇಮ್ ತಡವಾದರೂ ನಮ್ಮ ಕಣ್ಣು ಹಿಡಿಯುತ್ತದೆ, ಏಕೆಂದು ಗೊತ್ತಾಗದಿದ್ದರೂ. ಮೈಗೆ ಭಾರವಿದೆ ಎಂದು ತೋರಿಸುವುದೇ ಸಾಹಸ ಕಲಾವಿದರ ವಿದ್ಯೆ. ಬಿದ್ದವನು ತಕ್ಷಣ ಎದ್ದರೆ, ನೂರು ಕಿಲೋ ಆಸಾಮಿ ಹತ್ತಡಿ ಹಾರಿ ಬಿದ್ದರೂ ನೆಲದ ಧೂಳು ಏಳದಿದ್ದರೆ ಎಲ್ಲ ಮುಗಿಯಿತು.

ವೇಗದ ಉಪಾಯ ಹಳೆಯದು. 22 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ತೋರಿಸಿದರೆ ನೂರಕ್ಕೆ 9ರಷ್ಟು ಚುರುಕು ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 18ಕ್ಕೆ ಇಳಿಸಿದರೆ ಮೂರನೇ ಒಂದು ಭಾಗ ಹೆಚ್ಚು ವೇಗ. ಆಗ ಪಂಚೆಯ ಅಂಚು, ಕೂದಲು, ಹಿನ್ನೆಲೆಯಲ್ಲಿ ನಡೆಯುವ ಜನ ಚಾಡಿ ಹೇಳುತ್ತಾರೆ. ಮನುಷ್ಯ ಬೇಗ ಹೊಡೆಯಬಲ್ಲ, ಆದರೆ ಬಟ್ಟೆ ತನ್ನಿಷ್ಟಕ್ಕೆ ಬೇಗ ಬೀಳಲಾರದು. ಈಗ ಇದನ್ನೆಲ್ಲ ಎಡಿಟಿಂಗ್ ಮೇಜಿನ ಮೇಲೆ ಮಾಡುತ್ತಾರೆ, ಗುರುತು ಮಾತ್ರ ಅದೇ.

ಈಚಿನ ಹೊಡೆದಾಟಗಳಲ್ಲಿ ನಮಗೆ ಬೇಸರ ತರುವುದು ಕತ್ತರಿ. ಸೆಕೆಂಡಿಗೊಂದು ಕಟ್ ಹಾಕಿದರೆ ಯಾರು ಯಾವ ಕಡೆ ನಿಂತಿದ್ದಾರೆಂದೇ ತಿಳಿಯದು. 1975ರ 'ಶೋಲೆ'ಯ ರೈಲು ದರೋಡೆ ನೋಡಿ. ಬೆಟ್ಟಗುಡ್ಡದ ಭಾಗವೆಲ್ಲ ನಮ್ಮ ರಾಮನಗರದಲ್ಲಾದರೆ, ರೈಲಿನ ಭಾಗ ಇಲ್ಲೇ ಪನವೇಲ್ ಕಡೆ. ಆ ಒಂದು ಪ್ರಸಂಗಕ್ಕೆ ಸುಮಾರು ಏಳು ವಾರ ಹಿಡಿಯಿತು. ಕುದುರೆಗಳು ಯಾವ ಬದಿಯಿಂದ ಬರುತ್ತಿವೆ, ಇಂಜಿನ್ ಎತ್ತ ಸಾಗುತ್ತಿದೆ ಎಂಬ ಗೊಂದಲ ಒಮ್ಮೆಯೂ ಆಗುವುದಿಲ್ಲ. ಏಳು ವಾರ ಸಾರ್ಥಕವಾದದ್ದು ಅಲ್ಲಿ.

ಪ್ರಶ್ನೆ: ಗುಂಡು ಬಿದ್ದರೆ ಕಾರಿನ ಟ್ಯಾಂಕ್ ಸ್ಫೋಟಿಸುತ್ತದೆಯೇ?
— ಓದುಗರು, ವಾಶಿ

ಉತ್ತರ: ತೂತಾಗಿ ಸೋರುತ್ತದೆ, ಅಷ್ಟೇ. ಪೆಟ್ರೋಲ್ ಆವಿ ಗಾಳಿಯಲ್ಲಿ ನೂರಕ್ಕೆ ಸುಮಾರು 1.4ರಿಂದ 7.6ರಷ್ಟು ಬೆರೆತಿದ್ದರೆ ಮಾತ್ರ ಹೊತ್ತುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಅದಕ್ಕಿಂತ ಎಷ್ಟೋ ಹೆಚ್ಚು, ಗಾಳಿ ಸಾಲದು. ಸೀಸ-ತಾಮ್ರದ ಸಾಮಾನ್ಯ ಗುಂಡಿನಿಂದ ಕಿಡಿಯೂ ಏಳುವುದಿಲ್ಲ.

ಪ್ರಶ್ನೆ: 'ಕಾಂತಾರ'ವನ್ನು ಆಫೀಸಿನ ಮರಾಠಿ ಗೆಳೆಯರು ಹಾರರ್ ಸಿನಿಮಾ ಅಂತಾರೆ. ನನಗೆ ಯಾಕೋ ಸಿಟ್ಟು ಬರುತ್ತೆ. ನಾನು ತಪ್ಪಾ?
— ಬ್ಯಾಂಕ್ ಉದ್ಯೋಗಿ, ಠಾಣೆ, ಊರು ಕುಂದಾಪುರ

ಉತ್ತರ: ನೀವು ತಪ್ಪಲ್ಲ. ಅವರೂ ಬೇಕೆಂದೇ ತಪ್ಪು ಹೇಳುತ್ತಿಲ್ಲ, ಗೊಂದಲ ಇರುವುದು ಭೂತ ಎಂಬ ಪದದಲ್ಲಿ. ಹಿಂದಿ-ಮರಾಠಿಯ ಭೂತವೆಂದರೆ ಸತ್ತವರ ಅತೃಪ್ತ ಆತ್ಮ. ತುಳುನಾಡಿನಲ್ಲಿ ಭೂತವೆಂದರೆ ದೈವ. ಊರಿನ ಕಟ್ಟಳೆ ಕಾಯುವ, ನ್ಯಾಯ ಹೇಳುವ, ಮನೆತನದ ಕಷ್ಟ ಕೇಳುವ ಶಕ್ತಿ. ಹಾರರ್ ಸಿನಿಮಾದಲ್ಲಿ ಅತಿಮಾನುಷವಾದದ್ದು ಬಂದರೆ ಮನೆ ಕೆಡುತ್ತದೆ. ಕೋಲದಲ್ಲಿ, ಅಂದರೆ ದೈವವನ್ನು ಮೈಮೇಲೆ ಬರಿಸುವ ಆರಾಧನೆಯಲ್ಲಿ, ದೈವ ಬಂದರೆ ಕೆಟ್ಟದ್ದು ಸರಿಯಾಗುತ್ತದೆ. 2022ರ ಆ ಚಿತ್ರದಲ್ಲಿ ಪಂಜುರ್ಲಿ, ಗುಳಿಗ ಎಂಬ ಎರಡು ದೈವಗಳೂ ಬರುವುದು ಊರಿನ ಜನರ ಪರವಾಗಿ. ಭಯಪಡಬೇಕಾದವನು ಮಾತು ತಪ್ಪಿದವನು ಮಾತ್ರ.

ಆದರೂ ಗೆಳೆಯರಿಗೆ ಮೈ ಜುಮ್ಮೆಂದದ್ದು ಸುಳ್ಳಲ್ಲ. ಹಾರರ್‌ನವರು ಬಳಸುವ ಉಪಕರಣಗಳನ್ನೇ ಅದೂ ಬಳಸುತ್ತದೆ: ಕತ್ತಲು ಕಾಡು, ಪಂಜಿನ ಬೆಳಕು, ಎಲ್ಲಿಂದಲೋ ಕೇಳುವ ಗಗ್ಗರದ (ದೈವದ ಕಾಲ್ಗೆಜ್ಜೆಯ) ಸದ್ದು, ಮೌನವನ್ನು ಸೀಳುವ ಕೂಗು. ಉಪಕರಣ ಒಂದೇ, ಉದ್ದೇಶ ಬೇರೆ. ಗೆಳೆಯರಿಗೆ ಒಂದು ಪಾಡ್ದನದ (ದೈವಗಳ ಕಥೆ ಹೇಳುವ ತುಳು ಹಾಡಿನ) ಕಥೆ ಹೇಳಿ, ಸಾಧ್ಯವಾದರೆ ಬೇಸಿಗೆ ರಜೆಯಲ್ಲಿ ಊರಿಗೆ ಕರೆದುಕೊಂಡು ಹೋಗಿ ನೇಮ (ಕೋಲ) ತೋರಿಸಿ. ಆಫೀಸಿನ ಪಾರ್ಟಿಯಲ್ಲಿ ಯಾರಾದರೂ ಆ ಕೂಗನ್ನು ಅನುಕರಿಸಿದರೆ ಬೇಡವೆಂದು ಹೇಳಲು ಮಾತ್ರ ಹಿಂಜರಿಯಬೇಡಿ.

ಪ್ರಶ್ನೆ: ಕನ್ನಡದ ಹಾರರ್‌ನಲ್ಲಿ ಎರಡು ಹೆಸರು ಹೇಳಿ.
— ಓದುಗರು, ಮೀರಾರೋಡ್

ಉತ್ತರ: 1979ರ 'ನಾ ನಿನ್ನ ಬಿಡಲಾರೆ', 2013ರ '6-5=2'. ಮೊದಲನೆಯದರಲ್ಲಿ ಅನಂತನಾಗ್ ಮೈಮೇಲೆ ಬಂದದ್ದನ್ನು ಮೇಕಪ್ಪಿಗಿಂತ ಕಣ್ಣು, ಕತ್ತಿನಲ್ಲೇ ತೋರಿಸುತ್ತಾರೆ. ಎರಡನೆಯದು ಚಾರಣಿಗರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಎಂಬ ಸೋಗಿನದು. ಅಂಥ ಚಿತ್ರಕ್ಕೆ ಕಡಿಮೆ ಬಜೆಟ್ಟೇ ಬಲ.

ಪ್ರಶ್ನೆ: 'ತುಂಬಾಡ್' ಚಿತ್ರದ ಮಳೆ ಅಷ್ಟು ನಿಜವಾಗಿ ಕಾಣೋದು ಹೇಗೆ? ನಾವು ಮೊಬೈಲಲ್ಲಿ ತೆಗೆದರೆ ಮಳೆಯೇ ಕಾಣೋದಿಲ್ಲ.
— ಕಿರುಚಿತ್ರ ತಂಡ, ಕಾತ್ರಜ್, ಪುಣೆ

ಉತ್ತರ: ನಿಜವಾದ ಮಳೆಗಾಲದಲ್ಲೇ, ಅದೂ ಒಂದಲ್ಲ ಹಲವು ಮಳೆಗಾಲಗಳಲ್ಲಿ ತೆಗೆದದ್ದರಿಂದ. 2018ರಲ್ಲಿ ತೆರೆಕಂಡ ಆ ಚಿತ್ರಕ್ಕೆ ವರ್ಷಗಟ್ಟಲೆ ಕಾದರು. ನಿಮ್ಮ ಹತ್ತಿರದ ಸಾಸವಡದ ಹಳೆಯ ವಾಡೆಯೂ ಅದರಲ್ಲಿದೆ. ನೋಡಲು ಹೋದರೆ ಅನುಮತಿ ಕೇಳದೆ ಒಳಗೆ ನುಗ್ಗಬೇಡಿ.

ಕೃತಕ ಮಳೆ ಬೀಳುವುದು ಕ್ಯಾಮೆರಾದ ಮುಂದಿನ ಇಪ್ಪತ್ತು-ಮೂವತ್ತು ಅಡಿಯಲ್ಲಿ. ಹಿಂದಿನ ಗುಡ್ಡ ಒಣಗಿರುತ್ತದೆ, ಬಿಸಿಲಿನ ಗಡುಸು ನೆರಳು ಬಿದ್ದಿರುತ್ತದೆ. ಬರಿಯ ಕಣ್ಣಿಗೂ ಸುಳ್ಳು ಗೊತ್ತಾಗುತ್ತದೆ. ನಿಮ್ಮ ತೊಂದರೆ ಬೇರೆ. ಹನಿ ಪಾರದರ್ಶಕ. ಬೆಳಕು ಕ್ಯಾಮೆರಾದ ಹಿಂದಿನಿಂದ ಬಂದರೆ ಅದು ಕಾಣುವುದೇ ಇಲ್ಲ. ಎದುರಿನಿಂದ, ಹನಿಯ ಹಿಂದಿನಿಂದ ಬಂದರೆ ಬೆಳ್ಳಿ ದಾರದಂತೆ ಹೊಳೆಯುತ್ತದೆ. ಹಿನ್ನೆಲೆ ಕಪ್ಪಾಗಿರಲಿ: ತೆರೆದ ಬಾಗಿಲೊಳಗಿನ ಕತ್ತಲು, ಒದ್ದೆ ಕಲ್ಲಿನ ಗೋಡೆ, ದಟ್ಟ ಮರ. ಬಿಳಿ ಆಕಾಶದ ಮುಂದೆ ಎಂಥ ಜಡಿಮಳೆಯೂ ಮಾಯ. ಎಸಿ ಕೋಣೆಯಿಂದ ಕ್ಯಾಮೆರಾ ಹೊರತಂದರೆ ಲೆನ್ಸ್ ಮಂಜು ಹಿಡಿಯುತ್ತದೆ. ಒರೆಸಿದಷ್ಟೂ ಮತ್ತೆ ಹಿಡಿಯುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ.

ಪ್ರಶ್ನೆ: ಸಾಹಸ ದೃಶ್ಯಕ್ಕೆ ಒಡೆಯುವ ಗಾಜು ಸಕ್ಕರೆಯಿಂದ ಮಾಡಿದ್ವಿ. ಬೆಳಿಗ್ಗೆ ಗಾಜಿನ ಹಾಗಿತ್ತು, ಮಧ್ಯಾಹ್ನದ ಹೊತ್ತಿಗೆ ಬೆಲ್ಲದ ಹಾಗೆ ಅಂಟಾಯ್ತು. ಏನು ತಪ್ಪಾಯ್ತು?
— ಹವ್ಯಾಸಿ ತಂಡ, ಅಂಧೇರಿ

ಉತ್ತರ: ಪಾಕ ಸರಿಯಾಗಿಯೇ ಬಂದಿರಬೇಕು, ಕೆಡಿಸಿದ್ದು ಮುಂಬಯಿಯ ತೇವ. ಗಟ್ಟಿಯಾದ ಪಾಕ ಗಾಳಿಯ ನೀರನ್ನು ಹೀರುತ್ತದೆ, ಆಗಸ್ಟ್‌ನಲ್ಲಿ ಅರ್ಧ ಗಂಟೆ ಸಾಕು.

ಹದ ಇದು: 400 ಗ್ರಾಂ ಸಕ್ಕರೆ, 1 ಲೋಟ ನೀರು, 200 ಗ್ರಾಂ ಲಿಕ್ವಿಡ್ ಗ್ಲೂಕೋಸ್. ಸಕ್ಕರೆ ಕರಗುವವರೆಗೆ ಮಾತ್ರ ಕೈಯಾಡಿಸಿ. ಕುದಿ ಬಂದ ಮೇಲೆ ಸೌಟು ಹಾಕಿದರೆ ಹರಳುಗಟ್ಟಿ ಗಾಜು ಮಂಜಾಗುತ್ತದೆ. ಪಾತ್ರೆಯ ಬದಿಗೆ ಅಂಟಿದ ಹರಳನ್ನು ಒದ್ದೆ ಬ್ರಷ್‌ನಿಂದ ಇಳಿಸಿ. ಥರ್ಮಾಮೀಟರ್ 150 ಡಿಗ್ರಿ ತೋರಿಸಿದಾಗ ಇಳಿಸಿ. 140ಕ್ಕೇ ಇಳಿಸಿದರೆ ಬಾಗುತ್ತದೆ, ಒಡೆಯುವುದಿಲ್ಲ. 160 ದಾಟಿದರೆ ಹಳದಿಯಾಗುತ್ತದೆ. ಬಿಯರ್ ಬಾಟಲಿಯ ಬಣ್ಣ ಬೇಕಿದ್ದರೆ ಅದೂ ಆದೀತು. ಗುಳ್ಳೆ ಅಡಗಿದ ಮೇಲೆ ಎಣ್ಣೆ ಸವರಿದ ತಟ್ಟೆಗೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಸುರಿಯಿರಿ. ಈ ಪಾಕ ಕೈಗೆ ಬಿದ್ದರೆ ಕುದಿಯುವ ನೀರಿಗಿಂತ ಆಳಕ್ಕೆ ಸುಡುತ್ತದೆ, ಅಂಟಿಕೊಂಡೇ ಸುಡುತ್ತದೆ. ಬಕೆಟ್ಟು ತಣ್ಣೀರು ಪಕ್ಕದಲ್ಲಿರಲಿ.

ಆರಿದೊಡನೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿ. ಶಾಟ್ ತಯಾರಾದ ಮೇಲೆಯೇ ಹೊರತೆಗೆಯಿರಿ. ಒಂದು ಟೇಕಿಗೆ ಮೂರು ಹಾಳೆ ಮಾಡಿಟ್ಟುಕೊಳ್ಳಿ. ಚೂರುಗಳು ಗಾಜಿನಷ್ಟಲ್ಲದಿದ್ದರೂ ಚುಚ್ಚುತ್ತವೆ, ಆದ್ದರಿಂದ ಮುಖದ ಮೇಲೆ ಒಡೆಯುವುದು ಬೇಡ, ಬೆನ್ನಿನ ಮೇಲಾಗಲಿ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ದೆವ್ವದ ಸಿನಿಮಾ ನೋಡುವ ಹಟ. ಯುಎ ಅಂದರೆ ಕರೆದುಕೊಂಡು ಹೋಗಬಹುದಲ್ಲ?
— ತಾಯಿ, ಮಡಗಾಂವ್

ಉತ್ತರ: 2024ರ ಹೊಸ ನಿಯಮಗಳಂತೆ ಯುಎ ಈಗ ಮೂರು ಬಗೆ: 7+, 13+, 16+. ಪೋಸ್ಟರಿನ ಮೇಲೆ ಆ ಅಂಕಿ ನೋಡಿ. ಇದು ಪೋಷಕರಿಗೆ ಸಲಹೆ, ತಡೆಯಲ್ಲ; 18ರೊಳಗಿನವರನ್ನು ತಡೆಯುವುದು ಎ ಮಾತ್ರ. ಎಂಟರ ಮಗುವಿಗೆ 13+ ಹಾರರ್ ಬೇಡ ಎಂಬುದು ನಮ್ಮ ಮಾತು. ಸಣ್ಣ ಮಕ್ಕಳನ್ನು ಹೆದರಿಸುವುದು ಕಥೆಯಲ್ಲ, ರೂಪ. ಒಳ್ಳೆಯ ಅಮ್ಮನ ಮುಖ ಕಣ್ಣೆದುರೇ ವಿಕಾರವಾಗುವುದನ್ನು ಅವರು ಮರೆಯಲಾರರು. ಹಟ ಬಿಡದಿದ್ದರೆ 7+ ಇರುವುದನ್ನು ಹಗಲು ಹೊತ್ತಿನಲ್ಲಿ ಮನೆಯಲ್ಲಿ ಹಾಕಿ. ಹೆದರಿದಾಗ ಧ್ವನಿ ಪೂರ್ತಿ ತೆಗೆದು ಅದೇ ದೃಶ್ಯ ಮತ್ತೆ ತೋರಿಸಿ. ಸದ್ದಿಲ್ಲದ ದೆವ್ವ ಬಿಳಿ ಬಣ್ಣ ಬಳಿದುಕೊಂಡ ಮನುಷ್ಯನೇ ಎಂದು ಅವನೇ ಹೇಳುತ್ತಾನೆ.

ಪ್ರಶ್ನೆ: ರಾಜ್‌ಕುಮಾರ್ ಅವರ 'ಗೋವಾದಲ್ಲಿ ಸಿ.ಐ.ಡಿ. 999' ಈಗ ನೋಡಿದರೆ ಹೇಗನಿಸುತ್ತದೆ?
— ನಿವೃತ್ತ ಬಂದರು ನೌಕರ, ವಾಸ್ಕೋ

ಉತ್ತರ: ಗೋವಾ ವಿಮೋಚನೆಯಾಗಿ ಸುಮಾರು ಏಳು ವರ್ಷಕ್ಕೆ, 1968ರಲ್ಲಿ, ದೊರೈ-ಭಗವಾನ್ ಅದನ್ನು ತಂದರು. ಅದೇ ವರ್ಷ 'ಜೇಡರ ಬಲೆ', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಪೌರಾಣಿಕದಲ್ಲಿ ಕಿರೀಟ ಹೊತ್ತ ನಟ ಕೋಟು ತೊಟ್ಟು ಪಿಸ್ತೂಲು ಹಿಡಿದಾಗಲೂ ಕನ್ನಡದ ಉಚ್ಚಾರ ಒಂದಿಷ್ಟೂ ಸಡಿಲವಾಗದಿರುವುದು ನಮಗೆ ಇಂದಿಗೂ ಸಂತೋಷ ಕೊಡುತ್ತದೆ. ಆ ಕಾಲದ ಕಾರಿನ ದೃಶ್ಯಗಳನ್ನು ಸ್ಟುಡಿಯೋದಲ್ಲಿ ಹಿಂದೆ ರಸ್ತೆಯ ಚಿತ್ರ ಬಿಟ್ಟು ತೆಗೆಯುವುದು ರೂಢಿ. ಸ್ಟಿಯರಿಂಗ್ ತಿರುಗುತ್ತದೆ, ಹಿಂದಿನ ರಸ್ತೆ ನೇರವೇ ಇರುತ್ತದೆ. ಅಂಥದ್ದು ಕಂಡರೂ ತಪ್ಪೆನ್ನಲು ಮನಸ್ಸಾಗದು, ಆಗ ಇದ್ದ ದಾರಿ ಅದೊಂದೇ.

ಪ್ರಶ್ನೆ: ಗಣೇಶೋತ್ಸವದ ನಾಟಕದಲ್ಲಿ ನೆಲದ ಮೇಲೆ ತೆವಳುವ ಹೊಗೆ ಬೇಕು. ಡ್ರೈ ಐಸ್ ತರಬಹುದಾ?
— ಕನ್ನಡಿಗರ ಮಂಡಳಿ, ಪೋಂಡಾ

ಉತ್ತರ: ತರಬಹುದು, ನೆಲಕ್ಕಂಟಿ ಹರಿಯುವ ಹೊಗೆಗೆ ಅದೇ ಸರಿ. ಯಂತ್ರದ ಗ್ಲಿಸರಿನ್ ಹೊಗೆ ಬಿಸಿ, ಮೇಲಕ್ಕೇರಿ ನಟರ ಮುಖವನ್ನೇ ಮುಚ್ಚುತ್ತದೆ. ಡ್ರೈ ಐಸ್ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಬಕೆಟ್ಟಿನಲ್ಲಿ ಅರ್ಧದಷ್ಟು ಬಿಸಿನೀರು, ಅದಕ್ಕೆ ಅರ್ಧ ಕಿಲೋ ಚೂರು ಹಾಕಿದರೆ ಕೆಲವು ನಿಮಿಷ ದಟ್ಟ ಹೊಗೆ. ನೀರು ತಣ್ಣಗಾದಂತೆ ಹೊಗೆ ಸಣ್ಣಗಾಗುತ್ತದೆ, ಆದ್ದರಿಂದ ಪ್ರತಿ ದೃಶ್ಯಕ್ಕೂ ಹೊಸ ಬಿಸಿನೀರು. ಅದೇ ದಿನ ತನ್ನಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮುಚ್ಚಳ ಸಡಿಲವಾಗಿಟ್ಟು. ಬಾಟಲಿಗೋ ಬಿಗಿ ಡಬ್ಬಿಗೋ ತುಂಬಿದರೆ ಒತ್ತಡಕ್ಕೆ ಸಿಡಿಯುತ್ತದೆ. ಬರಿಗೈಯಿಂದ ಮುಟ್ಟಿದರೆ ಸುಟ್ಟಂತೆ ಚರ್ಮ ಏಳುತ್ತದೆ, ದಪ್ಪ ಕೈಗವಸು ಮತ್ತು ಇಕ್ಕಳ ಬೇಕು.

ಈ ಗಾಳಿ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ, ಉಸಿರಿಗೆ ಆಗದು. ಹೆಣದ ಪಾತ್ರದ ಹುಡುಗನನ್ನು ಹೊಗೆಯೊಳಗೆ ನೆಲಕ್ಕೆ ಮಲಗಿಸಬೇಡಿ, ಮಂಚದ ಮೇಲೆ ಮಲಗಿಸಿ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಮಕ್ಕಳನ್ನು ಕೂರಿಸುವ ರೂಢಿಯಿದ್ದರೆ ಆ ದಿನ ಅವರನ್ನು ಕುರ್ಚಿಗೆ ಕಳಿಸಿ. ಪೆಟ್ಟಿಗೆಯನ್ನು ಎಸಿ ಕಾರಿನಲ್ಲಿ ಕಿಟಕಿ ಮುಚ್ಚಿ ತರಬೇಡಿ, ನಾಟಕ ಮುಗಿಯುವವರೆಗೆ ಹಾಲ್‌ನ ಎರಡು ಬಾಗಿಲಾದರೂ ತೆರೆದಿರಲಿ.